ಭದ್ರೆಯ ಬಯಲಿನಲ್ಲಿ ಕೂಡಿ ಕಲಿತ ವಿದ್ಯೆ

ಭದ್ರಾವತಿಯ ಕಾಗದನಗರದಲ್ಲಿ ಈಗ ಕಾಗದವು ಸಿದ್ಧವಾಗುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ನೆಯ ಇಸವಿಯಲ್ಲಿ, ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯು, ಜನರ ಬಾಯಲ್ಲಿ ಎಂ.ಪಿ.ಎಂ., ಮಲೆನಾಡಿನ ಬಿದಿರನ್ನು ಬೇಯಿಸಿ, ಭದ್ರೆಯ ನೀರಿನಲ್ಲಿ ತೊಳೆದು, ಹಾಳೆಯಾಗಿ ಹಾಸಿ, ಶಾಲೆ ಕಚೇರಿ ಮುದ್ರಣಾಲಯಗಳಿಗೆ ದಶಕಗಳ ಕಾಲ ಒದಗಿಸಿತು. 1977ರಲ್ಲಿ ಸರ್ಕಾರದ ಸ್ವಾಮ್ಯಕ್ಕೆ ಬಂದು 1981ರಿಂದ ವೃತ್ತಪತ್ರಿಕೆಗಳ ಕಾಗದವನ್ನೂ ತಯಾರಿಸಿತು. 2015ರಲ್ಲಿ ಅದರ ಯಂತ್ರಗಳು ನಿಂತವು. ಅದೇ ವರ್ಷಗಳಲ್ಲಿಯೇ ಸುತ್ತಣ ಹಳ್ಳಿಗಳ ರೈತರ ಜೇಬಿಗೆ ಸ್ಮಾರ್ಟ್‌ಫೋನು ಬಂದು ಸೇರಿತು. ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳುವುದು ಕಥೆಗಾರನ ಚಾಪಲ್ಯವಾದೀತು. ಆದರೂ ಇವೆರಡರ ಸಾಮೀಪ್ಯದಿಂದ ಒಂದು ಜಿಜ್ಞಾಸೆಯು ಮನಸ್ಸಿನಲ್ಲಿ ಮೂಡದೆ ಇರದು: ಈ ಬಯಲಿನ ಜನರು ತಮ್ಮ ನೀರು, ಕಾಡು, ನೆಲಗಳನ್ನು ಕುರಿತ ತಿಳಿವಳಿಕೆಯನ್ನು ಕಾಗದಕ್ಕೆ ಮೊದಲು, ಕಾಗದದ ಕಾಲದಲ್ಲಿ, ಕಾಗದದ ಅನಂತರ, ಒಬ್ಬರಿಂದೊಬ್ಬರು ಪಡೆದುಕೊಂಡ ಬಗೆ ಯಾವುದು?

ಆ ಬಗೆಯನ್ನು ವಿಚಾರಿಸುತ್ತ ಹೋದಂತೆ ನನಗೆ ಸ್ಪಷ್ಟವಾಗುವ ಸಂಗತಿ ಇದು: ಇಲ್ಲಿ ಬಂದ ಪ್ರತಿಯೊಂದು ಸಾಧನವೂ, ಅದು ಕಡತವಾಗಲಿ ರೇಡಿಯೋವಾಗಲಿ ಉಪಗ್ರಹವಾಗಲಿ, ವಿದ್ಯೆಯನ್ನು ಹೆಚ್ಚಿಸಿತೆಂಬುದಕ್ಕಿಂತ ಮಿಗಿಲಾಗಿ, ಹೇಳುವವರು ಯಾರು, ಕೇಳುವವರು ಯಾರು, ಮರುಪ್ರಶ್ನೆ ಹಾಕುವ ಅಧಿಕಾರವುಳ್ಳವರು ಯಾರು ಎಂಬುದನ್ನು ಬದಲಾಯಿಸಿತು.

ಮೊದಲಿಗೆ ಕೆರೆಯನ್ನು ನೋಡೋಣ. ಭದ್ರಾವತಿಗೆ ಪೂರ್ವದಲ್ಲಿ, ಚನ್ನಗಿರಿ ಸೀಮೆಯಲ್ಲಿ, ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ಸೂಳೆಕೆರೆ, ಅಂದರೆ ಶಾಂತಿಸಾಗರವು, ಶತಮಾನಗಳಿಂದ ನೀರುಣಿಸುತ್ತಿದೆ. ಹಳೆಯ ಮೈಸೂರು ಸೀಮೆಯಲ್ಲಿ ಹೊಸದೊಂದು ಕೆರೆಗೆ ಸ್ಥಳ ಹುಡುಕುವುದೇ ಜಾಣತನದ ಕೆಲಸವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಎಂಜಿನಿಯರಾದ ಸ್ಯಾಂಕಿ ಬರೆದನೆಂಬುದು ಪ್ರಸಿದ್ಧವಾಗಿದೆ. ಅಷ್ಟು ಕೆರೆಗಳನ್ನು ಕಟ್ಟಿದ್ದು ಒಂದು ವಿದ್ಯೆಯಾದರೆ, ಅವುಗಳ ನೀರನ್ನು ಹಂಚಿದ್ದು ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿದ್ಯೆ. ಆ ಎರಡನೆಯ ವಿದ್ಯೆಯ ಅಧಿಕಾರಿ ನೀರುಗಂಟಿ. ಊರಿನ ಆಯಗಾರರಲ್ಲೊಬ್ಬನಾದ ಆತನು ತೂಬನ್ನು ಎತ್ತುವವನು, ಇಳಿಸುವವನು. ಯಾವ ಗದ್ದೆಗೆ ಎಷ್ಟು ಹೊತ್ತಿನಲ್ಲಿ ನೀರು ಏರುತ್ತದೆ, ಯಾವ ಬದುವಿನಲ್ಲಿ ಏಡಿಯ ಬಿಲದಿಂದ ನೀರು ಸೋರುತ್ತದೆ ಎಂಬುದನ್ನು ಕಾಲಿನಿಂದ ನಡೆದು ಅರಿತವನು. ಅಚ್ಚುಕಟ್ಟಿನಲ್ಲಿ ತನ್ನದೆಂಬ ಗದ್ದೆಯಿಲ್ಲದವನೇ ಎಷ್ಟೋ ಊರುಗಳಲ್ಲಿ ಈ ಕೆಲಸಕ್ಕೆ ಇರುತ್ತಿದ್ದನು. ಆತನ ನಿಷ್ಪಕ್ಷಪಾತಕ್ಕೆ ಆ ನಿರ್ಭಾಗ್ಯವೇ ಜಾಮೀನು. ಕಣದಲ್ಲಿ ರಾಶಿ ಮಾಡುವಾಗ ಪ್ರತಿಯೊಬ್ಬ ಒಕ್ಕಲಿನಿಂದಲೂ ಆತನಿಗೆ ಆಯದ ಕಾಳು ಸಲ್ಲುತ್ತಿತ್ತು.

ಮಳೆ ಹಿಂದಾದ ವರ್ಷದಲ್ಲಿ ಈ ವ್ಯವಸ್ಥೆಯ ನಿಜಸ್ವರೂಪವು ಹೊರಬೀಳುತ್ತಿತ್ತು. ಏರಿಯ ಮೇಲೆ ಅಚ್ಚುಕಟ್ಟುದಾರರು ಸೇರಿ, ನೀರಿನ ಮಟ್ಟವನ್ನು ಎಲ್ಲರೂ ತಮ್ಮ ಕಣ್ಣಿನಿಂದಲೇ ನೋಡಿ, ಈ ಸಲ ಅಚ್ಚುಕಟ್ಟಿನ ಎಷ್ಟು ಪಾಲನ್ನು ಬೆಳೆಯಬಹುದೆಂದು ಮಾತನಾಡಿ ನಿಷ್ಕರ್ಷಿಸುತ್ತಿದ್ದರು. ನೀರು ಎಲ್ಲರ ಕಣ್ಣಿನ ಮುಂದೆ ನಿಂತಿರುತ್ತಿದ್ದುದರಿಂದ ಲೆಕ್ಕದಲ್ಲಿ ಮೋಸಕ್ಕೆ ಎಡೆಯಿರಲಿಲ್ಲ. ಈ ಸಭೆಗಳು ಆದರ್ಶಸಭೆಗಳಾಗಿದ್ದುವೆಂದು ನಾನು ಹೇಳಲಾರೆ. ಜಾತಿಯ ಮೇಲುಕೀಳು ಏರಿಯ ಮೇಲೆಯೂ ತನ್ನ ಸ್ಥಾನವನ್ನು ಬಿಟ್ಟುಕೊಡುತ್ತಿರಲಿಲ್ಲ, ಹೆಂಗಸರ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಆದರೆ ಎಲ್ಲರಿಗೂ ಒಂದೇ ನೀರು ಕಾಣಿಸುತ್ತಿತ್ತು ಎಂಬುದು ಸಣ್ಣ ಮಾತಲ್ಲ.

ಬರವಣಿಗೆಯು ಈ ವಿದ್ಯೆಯನ್ನು ಹೊಕ್ಕದ್ದು ಅರಸನ ಬೊಕ್ಕಸದ ಮಾರ್ಗವಾಗಿ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಆಳಿದ ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯದ ಏರ್ಪಾಡು ಮಲೆನಾಡಿನಲ್ಲಿ ಇಂದಿಗೂ ಮಾತಿನಲ್ಲಿ ಉಳಿದಿದೆ. ಭೂಮಿಯನ್ನು ಉತ್ತಮ ಮಧ್ಯಮಾದಿ ತರಗತಿಗಳಾಗಿ ವಿಂಗಡಿಸಿ, ಒಂದೊಂದು ತರಗತಿಯ ನೆಲವನ್ನೂ ಹಲವು ವರ್ಷಗಳ ಕಾಲ ಸರ್ಕಾರದ ವೆಚ್ಚದಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ಖರ್ಚು, ಬಂದ ಫಸಲು ಎಲ್ಲಕ್ಕೂ ಲೆಕ್ಕವಿಡಿಸಿ, ಅದರ ಆಧಾರದ ಮೇಲೆ ಕಂದಾಯವನ್ನು ಗೊತ್ತುಮಾಡಿದನೆಂದು ಗ್ಯಾಸೆಟಿಯರುಗಳು ಹೇಳುತ್ತವೆ. ಪ್ರಯೋಗದಿಂದ ಸತ್ಯವನ್ನು ಕಾಣುವ ಈ ಕ್ರಮವನ್ನು ಮೆಚ್ಚದಿರುವುದು ಅಸಾಧ್ಯ. ಅಂಥ ಲೆಕ್ಕಗಳನ್ನು ಬರೆಯಲು ಈ ನಾಡಿನವರು ಬಳಸುತ್ತಿದ್ದ ಕಡತವೂ ಮೆಚ್ಚಬೇಕಾದ ವಸ್ತುವೇ: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಆದರೆ ಕಡತವು ಶಾನುಭೋಗನ ಕೈಯಲ್ಲಿತ್ತು. ರೈತನ ಗದ್ದೆಯ ವೃತ್ತಾಂತವೆಲ್ಲವೂ ಅದರಲ್ಲಿದ್ದರೂ ರೈತನಿಗೆ ಅದನ್ನು ಓದಿಕೊಳ್ಳುವ ಮಾರ್ಗವಿರಲಿಲ್ಲ. ಶಿವಮೊಗ್ಗದಲ್ಲಿ 2012ರಲ್ಲಿ ಆರಂಭವಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಈಗ ಆ ಶಿವಪ್ಪನಾಯಕನ ಹೆಸರನ್ನೇ ಇಟ್ಟಿರುವುದರಲ್ಲಿ ಔಚಿತ್ಯವಿದೆ. ಅವನ ಪ್ರಯೋಗದ ಗದ್ದೆಗಳ ಫಲಿತಾಂಶವು ಬೊಕ್ಕಸಕ್ಕೆ ಹೋಗದೆ ರೈತನಿಗೇ ಹಿಂದಿರುಗಿದ್ದರೆ ಅದೇ ಒಂದು ವಿಶ್ವವಿದ್ಯಾಲಯವಾಗುತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಕಾಡಿನ ಸರದಿ ಬಂದಿತು. ಬೆಂಕಿಪುರವೆಂದು ಹಿಂದೆ ಕರೆಯುತ್ತಿದ್ದ ಭದ್ರಾವತಿಯಲ್ಲಿ 1918ರಲ್ಲಿ ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಕಬ್ಬಿಣದ ಕಾರ್ಖಾನೆಯ ಕಾರ್ಯವು ಮೊದಲಾಗಿ, 1923ರಲ್ಲಿ ಕುಲುಮೆಗೆ ಬೆಂಕಿ ಬಿದ್ದಾಗ, ಅದಕ್ಕೆ ಕಲ್ಲಿದ್ದಲಲ್ಲ, ಸುತ್ತಣ ಅರಣ್ಯದ ಸೌದೆಯಿಂದ ಸುಟ್ಟ ಇದ್ದಿಲೇ ಆಹಾರವಾಯಿತು. ಅದರ ಬೆನ್ನಿಗೆ ಕಾಗದವು ಬಿದಿರನ್ನು ಬೇಡಿತು. ಕಾಡನ್ನು ಕುರಿತು ಅಧಿಕೃತವಾಗಿ ಬಲ್ಲವರು ಇನ್ನು ಮುಂದೆ ಅರಣ್ಯಾಧಿಕಾರಿಗಳು ಮತ್ತು ಕಾರ್ಖಾನೆಯ ಗುತ್ತಿಗೆದಾರರು ಎಂದಾಯಿತು. ಕಾಡಿನಲ್ಲಿಯೇ ಬದುಕಿದವರ ತಿಳಿವಳಿಕೆಯು ಅಜ್ಞಾನದ ಪಟ್ಟಿಗೆ ಸೇರಿತು.

ಈ ಪಟ್ಟಿಯು ಎಷ್ಟು ತಪ್ಪಾದುದೆಂಬುದಕ್ಕೆ ನೆರೆಯ ಉತ್ತರ ಕನ್ನಡದಲ್ಲಿ ನಡೆದ ಒಂದು ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಐವತ್ತರ ದಶಕದ ಕೊನೆಯಲ್ಲಿ ಸರ್ಕಾರವು ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲೊಪ್ಪಿತು. ಬುಟ್ಟಿ ಮೊರ ಹೆಣೆದು ಜೀವಿಸುವ ಮೇದಾರನು ಪೇಟೆಯಲ್ಲಿ ಅದಕ್ಕೆ ತೆರುತ್ತಿದ್ದ ಬೆಲೆಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಬಿದಿರು ಕ್ಷೀಣಿಸುತ್ತ ಬಂದಾಗ, ಮೇದಾರರು ಕಾರ್ಖಾನೆಯನ್ನು ದೂರಿದರು. ಕಾರ್ಖಾನೆ ಮತ್ತು ಇಲಾಖೆಯವರು ಹಳ್ಳಿಗರನ್ನೂ ಅವರ ದನಗಳನ್ನೂ ದೂರಿದರು. ಎಪ್ಪತ್ತರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಇದನ್ನು ಪರೀಕ್ಷಿಸಲು ಕಾಡಿಗೆ ಹೋದರು. ಬಿದಿರ ಮೆಳೆಯ ಬುಡದಲ್ಲಿ ಸಹಜವಾಗಿ ಹಬ್ಬುವ ಮುಳ್ಳಿನ ಹೊದಿಕೆಯನ್ನು ಸವರಿ ಹಾಕಿದರೆ ಮೆಳೆಯು ಸೊಂಪಾಗಿ ಬೆಳೆಯುವುದೆಂದು ಇಲಾಖೆಯ ಶಾಸ್ತ್ರವು ವಿಧಿಸಿತ್ತು, ಅದರಂತೆಯೇ ಸವರಲಾಗುತ್ತಿತ್ತು. ಹಳ್ಳಿಗರು ಹೇಳಿದ್ದು ಬೇರೆ: ಆ ಮುಳ್ಳೇ ಕಳಲೆಗೆ ಬೇಲಿ, ಅದನ್ನು ತೆಗೆದರೆ ಎಳೆಯ ಕಳಲೆಯನ್ನು ದನವೂ ಕಾಡುಪ್ರಾಣಿಯೂ ತಿಂದುಹಾಕುತ್ತವೆ, ಮೆಳೆ ಬೆಳೆಯುವುದೆಲ್ಲಿಂದ? ಗಾಡ್ಗೀಳರು ಮೆಳೆಗಳನ್ನು ಎಣಿಸಿ ಅಳೆದು ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಶಾಸ್ತ್ರವು ಸೋತದ್ದಕ್ಕಿಂತ, ಹಳ್ಳಿಗರಿಗೆ ತಿಳಿದಿದ್ದ ಈ ಸಂಗತಿಯು ಇಷ್ಟು ವರ್ಷಗಳ ಕಾಲ ಕಚೇರಿಯ ಬಾಗಿಲನ್ನು ದಾಟದೆ ಉಳಿದದ್ದೇ ಹೆಚ್ಚು ಆಶ್ಚರ್ಯಕರ. ಅದನ್ನು ಕೊಂಡೊಯ್ಯುವ ದಾರಿಯೇ ಇರಲಿಲ್ಲ. ಅವರ ಬಿದಿರು ಕಾಗದವಾಗುತ್ತಿತ್ತು; ಅವರ ಮಾತು ಆ ಕಾಗದದ ಮೇಲೆ ಬರುತ್ತಿರಲಿಲ್ಲ.

ನೀರಿನಲ್ಲಿಯೂ ಇದಕ್ಕೆ ಸದೃಶವಾದ ಪಲ್ಲಟವು ಸಂಭವಿಸಿತು. ಲಕ್ಕವಳ್ಳಿಯಲ್ಲಿ 1947ರಲ್ಲಿ ಮೊದಲಾಗಿ ಅರವತ್ತರ ದಶಕದಲ್ಲಿ ಪೂರ್ಣವಾದ ಭದ್ರಾ ಅಣೆಕಟ್ಟೆಯು 186 ಅಡಿಗಳ ಮಟ್ಟಕ್ಕೆ ಸುಮಾರು 71 ಟಿಎಂಸಿ ನೀರನ್ನು ಹಿಡಿದು, ಎಡದಂಡೆ ಬಲದಂಡೆ ನಾಲೆಗಳಿಂದ ಲಕ್ಷ ಹೆಕ್ಟೇರಿಗೂ ಮಿಕ್ಕ ಭೂಮಿಗೆ ಹರಿಸತೊಡಗಿತು. ದಾವಣಗೆರೆ ಹರಿಹರಗಳ ಬಯಲು ಭತ್ತದ ಕಣಜವಾಯಿತು. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೆರೆಯ ಏರಿಯ ಮೇಲೆ ನಿಂತು ನೀರನ್ನು ಕಂಡು ಬೆಳೆಯನ್ನು ನಿಷ್ಕರ್ಷಿಸುತ್ತಿದ್ದ ರೈತನಿಗೆ, ತಾನು ಎಂದೂ ಕಾಣದ ಜಲಾಶಯದಿಂದ, ತಾನರಿಯದ ಅಧಿಕಾರಿಯ ಆಜ್ಞೆಯಿಂದ, ನೂರಾರು ತೂಬುಗಳನ್ನು ದಾಟಿ ನೀರು ಬರಬೇಕಾಯಿತು. ನೀರುಗಂಟಿಯ ಸ್ಥಾನಕ್ಕೆ ದಿನಗೂಲಿಯ ಸೌಡಿ ಬಂದನು. ಮೇಲ್ಭಾಗದವನು ಪಂಪ್‌ಸೆಟ್ಟು ಹಾಕಿ ನಾಲೆಯಿಂದಲೇ ಎತ್ತಿದರೆ, ಭತ್ತದ ಗದ್ದೆಯನ್ನು ಅಡಿಕೆಯ ತೋಟವಾಗಿ ಮಾರ್ಪಡಿಸಿ ವರ್ಷವಿಡೀ ನೀರು ಬೇಡಿದರೆ, ಮಲೇಬೆನ್ನೂರಿನ ಆಚೆ ಕೊನೆಯ ಭಾಗದಲ್ಲಿದ್ದವನಿಗೆ ತಿಳಿಯುತ್ತಿದ್ದುದು ಒಂದೇ ವಿಷಯ: ನೀರು ಬರಲಿಲ್ಲ. ಯಾಕೆ ಬರಲಿಲ್ಲವೆಂದು ತಿಳಿಯಲು ಅವನು ಶಿವಮೊಗ್ಗಕ್ಕೆ ಬಸ್ಸು ಹತ್ತಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿಯ ಮುಂದೆ ಕಾಯಬೇಕಾಗಿತ್ತು, ಅಥವಾ ಹೆದ್ದಾರಿಯಲ್ಲಿ ರಸ್ತೆತಡೆಗೆ ಕೂಡಬೇಕಾಗಿತ್ತು.

ಭದ್ರಾವತಿಯ ಆಕಾಶವಾಣಿ ನಿಲಯವು 1965ರಲ್ಲಿ ಆರಂಭವಾದದ್ದು ಇಂಥ ಸನ್ನಿವೇಶದಲ್ಲಿ. ಬಾನುಲಿಯು ಕನ್ನಡಿಗರಿಗೆ ಹೊಸದಾಗಿರಲಿಲ್ಲ, ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ತಮ್ಮ ಮನೆಯಿಂದ ಪ್ರಸಾರವನ್ನು ನಡೆಯಿಸಿದ್ದರು. ಆದರೆ ಭದ್ರಾವತಿಯ ನಿಲಯವು ಮಲೆನಾಡಿಗೂ ಅರೆಮಲೆನಾಡಿಗೂ ಬಯಲುಸೀಮೆಗೂ ಸಂಧಿಸ್ಥಾನದಲ್ಲಿ ನಿಂತು, ಅಡಿಕೆಯವನಿಗೂ ಭತ್ತದವನಿಗೂ ಜೋಳದವನಿಗೂ ಒಟ್ಟಿಗೆ ಮಾತನಾಡಬೇಕಾದ ವಿಶೇಷವನ್ನು ಪಡೆದಿತ್ತು. ಸಂಜೆಯ ಕೃಷಿ ಕಾರ್ಯಕ್ರಮವನ್ನು ಕೇಳಲು ಪಂಚಾಯಿತಿ ಕಟ್ಟೆಯ ಮುಂದೆಯೋ ಚಹದ ಅಂಗಡಿಯ ಬೆಂಚಿನ ಮೇಲೆಯೋ ಜನ ಕೂಡುತ್ತಿದ್ದರು. ಹೀಗೆ ಕೂಡುವುದೇ ಪ್ರಸಾರದ ಅರ್ಧ ಪ್ರಯೋಜನವೆಂದು ತಿಳಿದವರು ಆಗಲೇ ಇದ್ದರು: 1956ರಲ್ಲಿ ಯುನೆಸ್ಕೋದ ನೆರವಿನಿಂದ ಪುಣೆಯ ಸುತ್ತಣ 150 ಹಳ್ಳಿಗಳಲ್ಲಿ ‘ರೇಡಿಯೋ ಗ್ರಾಮವೇದಿಕೆ’ಗಳನ್ನು ರಚಿಸಿ, ಕೇಳುವುದು, ಚರ್ಚಿಸುವುದು, ಮಾಡಿನೋಡುವುದು ಎಂಬ ಮೂರು ಹಂತಗಳನ್ನು ಪರೀಕ್ಷಿಸಿದ್ದರು, ಚರ್ಚೆಯಿದ್ದ ಹಳ್ಳಿಗಳಲ್ಲಿ ಕೇಳಿದ್ದು ಹೆಚ್ಚು ನಿಂತಿತು, ವೇದಿಕೆಯ ಪ್ರಶ್ನೆಗಳು ನಿಲಯಕ್ಕೆ ಹಿಂದಿರುಗಿದವು. ಈ ಯೋಜನೆಯನ್ನು ದೇಶಕ್ಕೆಲ್ಲ ಹಬ್ಬಿಸಿದಾಗ ಅದರ ಜೀವವಾಗಿದ್ದ ಅಂಶ, ಪ್ರಶ್ನೆಗೆ ತಪ್ಪದೆ ಉತ್ತರ ಕೊಡುವ ಶ್ರದ್ಧೆ, ಸೊರಗಿತು. ಶ್ರೋತೃವು ಕಾರ್ಡು ಬರೆಯಬಹುದಾಗಿತ್ತು. ಉತ್ತರವು ಬರುವ ಹೊತ್ತಿಗೆ ರೋಗವು ಬೆಳೆಯನ್ನು ತಿಂದು ಮುಗಿಸಿರುತ್ತಿತ್ತು.

ಮಾತಿನ ದಿಕ್ಕನ್ನು ತಿರುಗಿಸಿದ ಒಂದು ಪ್ರಯತ್ನವು ಕಾಗದದ ಮೇಲೆಯೇ ನಡೆಯಿತು. ಪುತ್ತೂರಿನಲ್ಲಿ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿಯನ್ನು ಕೊಡಬೇಕೆಂದು ಹಠ ಹಿಡಿದು, ಬೆಳೆದವನೇ ಬೆಳೆಯ ವಿಚಾರ ಬರೆಯಲೆಂದಿತು. ಮಳೆನೀರಿನ ಇಂಗುಗುಂಡಿಯಿಂದ ಹಿಡಿದು ಕೊಯ್ಲಿನ ದೋಟಿಯವರೆಗೆ, ತೋಟದಲ್ಲಿ ಪರೀಕ್ಷಿತವಾದ ವಿಷಯಗಳು ಮಲೆನಾಡಿಗೂ ತಲಪಿದವು. ನನ್ನ ಅಭಿಪ್ರಾಯದಲ್ಲಿ ಮುಂದಿನ ಎಷ್ಟೋ ಯಂತ್ರಸಾಧನಗಳಿಗಿಂತ ಈ ಸಣ್ಣ ಮಾಸಿಕವು ದೊಡ್ಡ ಆವಿಷ್ಕಾರ.

ತೊಂಬತ್ತರ ದಶಕದಲ್ಲಿ ಕಾಡಿನ ಆಡಳಿತದವರಿಗೂ ಹಳ್ಳಿಗರನ್ನು ಕೇಳಬೇಕೆಂಬ ಬುದ್ಧಿ ಬಂದಿತು. ಬ್ರಿಟಿಷ್ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆಯು ಉತ್ತರ ಕನ್ನಡದಲ್ಲಿ ತೊಡಗಿ ಶಿವಮೊಗ್ಗಕ್ಕೂ ಬಂದಿತು. 1993ರ ಸರ್ಕಾರಿ ಆಜ್ಞೆಯಿಂದ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಆಗ ಅಂಗಳದಲ್ಲಿ ರಂಗೋಲಿಯ ಪುಡಿಯಿಂದ ಊರಿನ ನಕ್ಷೆ ಬರೆಯುವ ಪದ್ಧತಿ ಬಳಕೆಗೆ ಬಂದಿತು. ಹಳ್ಳ ಇಲ್ಲಿ, ಬೆಟ್ಟ ಇಲ್ಲಿ, ಸೊಪ್ಪಿಗೆ ಹೋಗುವ ದಾರಿ ಇದು, ಬೇಸಗೆಯಲ್ಲಿ ಒಣಗದ ಒರತೆ ಇದು ಎಂದು ಒಬ್ಬರು ಬರೆದರೆ ಇನ್ನೊಬ್ಬರು ಒರೆಸಿ ತಿದ್ದುವರು. ರಂಗೋಲಿಯ ವಿದ್ಯೆಯಲ್ಲಿ ಪಳಗಿದ ಹೆಂಗಸರಿಗೆ ಇಲ್ಲಿ ಸಂಕೋಚ ಕಡಮೆ. ಅಧಿಕಾರಿಯು ಅದನ್ನು ಕಾಗದಕ್ಕೆ ಇಳಿಸಿಕೊಂಡು ಹೋದ ಮೇಲೆ ಮಾತ್ರ ನಕ್ಷೆಯು ಮತ್ತೆ ಅವರ ಕೈಗೆ ಸಿಗುತ್ತಿರಲಿಲ್ಲ.

ಆ ಹೊತ್ತಿಗೆ ಆಕಾಶದಿಂದ ಪಾಠ ಹೇಳುವ, ನಕ್ಷೆ ಬರೆಯುವ ಕಾಲವು ಬಂದೊದಗಿತ್ತು. 1975–76ರಲ್ಲಿ ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿದ ಪ್ರಯೋಗದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೂ ಸೇರಿದ್ದವು; ಅಲ್ಲಿಯೂ ನೋಡುವುದಿತ್ತು, ಪ್ರಶ್ನೆ ಕೇಳುವುದಿರಲಿಲ್ಲ. ಅದನ್ನು ತಕ್ಕಮಟ್ಟಿಗೆ ಸರಿಪಡಿಸಿದ್ದು ‘ನೀರ್ ಸಾಬ್’ ಎಂದೇ ಹೆಸರಾದ ಮಂತ್ರಿ ಅಬ್ದುಲ್ ನಜೀರ್ ಸಾಬರ ನೆನಪಿನ ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ. ಈ ಶತಮಾನದ ಮೊದಲ ವರ್ಷಗಳಿಂದ ಅದು ಮೈಸೂರಿನ ಸ್ಟುಡಿಯೋದಿಂದ ಉಪಗ್ರಹದ ಮೂಲಕ ತಾಲ್ಲೂಕು ಕೇಂದ್ರಗಳಲ್ಲಿ ಕುಳಿತ ಪಂಚಾಯಿತಿ ಸದಸ್ಯರಿಗೆ ಪಾಠ ಹೇಳಿತು. ಪರದೆಯ ಮೇಲೆ ಅಧಿಕಾರಿಯು ಕಾಣುವನು. ಸದಸ್ಯೆಯೊಬ್ಬಳು ದೂರವಾಣಿಯಲ್ಲಿ ಪ್ರಶ್ನೆ ಹಾಕಿದರೆ ನಾಡಿನ ಉಳಿದ ತಾಲ್ಲೂಕುಗಳಲ್ಲಿ ಕುಳಿತವರೆಲ್ಲರಿಗೂ ಅದು ಕೇಳಿಸುವುದು. ಇದೇ ಕಾಲದಲ್ಲಿ ನೆರೆಯ ಚಿತ್ರದುರ್ಗ ಹಾವೇರಿಗಳೂ ಸೇರಿದಂತೆ ಐದು ಜಿಲ್ಲೆಗಳಲ್ಲಿ ನಡೆದ ‘ಸುಜಲ’ ಜಲಾನಯನ ಯೋಜನೆಯು ಇಸ್ರೋದ ಉಪಗ್ರಹಚಿತ್ರಗಳ ಮೇಲೆ ಸರ್ವೆ ನಂಬರುಗಳ ಗಡಿಯನ್ನು ಹೊಂದಿಸಿ, ಬದು ಕಟ್ಟೆಗಳ ಯೋಜನೆಗೆ ಬಳಸಿತು.

ಇವೆಲ್ಲಕ್ಕಿಂತ ನನ್ನ ಕುತೂಹಲವನ್ನು ಕೆರಳಿಸುವುದು 2006ರಲ್ಲಿ ಬೆಂಗಳೂರಿನಲ್ಲಿ ಮೊಳೆತ ಒಂದು ಸರಳ ಪ್ರಯೋಗ. ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿದ್ದ ರಿಕಿನ್ ಗಾಂಧಿಯವರು ಗ್ರೀನ್ ಫೌಂಡೇಷನ್ನಿನೊಂದಿಗೆ ಕೂಡಿ, ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ರೈತರೇ ರೈತರಿಗೆ ಹೇಳುವ ಚಿಕ್ಕ ಚಿತ್ರಗಳನ್ನು ತೆಗೆಯಿಸಿ, ಸಂಜೆಯ ಹೊತ್ತು ಊರವರನ್ನು ಕೂಡಿಸಿ ತೋರಿಸಿದರು. ಊರಿನವನೇ ಒಬ್ಬನು ನಡುನಡುವೆ ಚಿತ್ರವನ್ನು ನಿಲ್ಲಿಸಿ ಮಾತಿಗೆ ಎಳೆಯುವನು. ‘ಡಿಜಿಟಲ್ ಗ್ರೀನ್’ ಎಂದು ಮುಂದೆ ಹೆಸರಾದ ಈ ಕಾರ್ಯದಲ್ಲಿ ಪ್ರೇಕ್ಷಕರು ಮೊದಲು ಕೇಳುತ್ತಿದ್ದ ಪ್ರಶ್ನೆಗಳು, ಆ ರೈತನ ಹೆಸರೇನು, ಯಾವ ಊರಿನವನು ಎಂಬುವಂತೆ. ತಮ್ಮಂಥವನೇ ಮಾಡಿದ್ದಾನೆಂದು ಖಚಿತವಾದರೆ ಮಾತ್ರ ಅವರು ಮುಂದಿನದನ್ನು ಕೇಳುವರು. ಕಳಲೆಯ ಮುಳ್ಳಿನ ವಿಷಯವನ್ನು ಕಚೇರಿಗೆ ಮುಟ್ಟಿಸಲಾರದೆ ಹೋದವರಂಥ ಜನರಿಗೆ, ಕಚೇರಿಯ ಹಂಗಿಲ್ಲದೆ ಪರಸ್ಪರ ಮುಟ್ಟಿಸುವ ದಾರಿ ಇಲ್ಲಿ ತೆರೆಯಿತು.

ಇಂದು ಭದ್ರಾ ಅಚ್ಚುಕಟ್ಟಿನಲ್ಲಿ ಈ ದಾರಿಯು ವಾಟ್ಸಾಪಿನದು. ಲಕ್ಕವಳ್ಳಿಯ ಜಲಾಶಯದ ಮಟ್ಟವು ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಎಂದು ಬೆಳಗಾಗುವ ಮೊದಲೇ ಹರಿದಾಡುವ ಸುದ್ದಿಯು ಕೆರೆಯ ಏರಿಯ ಮೇಲಿನ ಆ ಹಳೆಯ ನೋಟವನ್ನು ಒಂದು ಬಗೆಯಲ್ಲಿ ಮರಳಿ ತಂದುಕೊಟ್ಟಿದೆ. ನೀರು ಬಿಡುವ ದಿನವನ್ನು ಗೊತ್ತುಮಾಡುವ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯ ತೀರ್ಮಾನವು ಸಭೆ ಮುಗಿಯುವಷ್ಟರಲ್ಲಿ ಹರಿಹರದ ರೈತನಿಗೆ ತಿಳಿಯುತ್ತದೆ. ಒಣಗಿದ ಉಪನಾಲೆಯ ಚಿತ್ರವು ತೆಗೆದ ಕ್ಷಣದಲ್ಲಿಯೇ ಎಂಜಿನಿಯರನ ಕೈಗೆ ಸೇರುತ್ತದೆ. ಗ್ರಾಮ ಪಂಚಾಯಿತಿಗೊಂದರಂತೆ ನಿಲ್ಲಿಸಿದ ಸ್ವಯಂಚಾಲಿತ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಕಳುಹಿಸುವ ಲೆಕ್ಕವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಯು ಕೇಳಿದವರಿಗೆ ಹೇಳುತ್ತದೆ. ಎಲೆಚುಕ್ಕಿ ರೋಗವು ಮಲೆನಾಡಿನ ಅಡಿಕೆ ತೋಟಗಳನ್ನು ಹೊಕ್ಕಾಗ, ರೋಗದ ಚಿತ್ರವನ್ನು ಹಂಚಿಕೊಂಡು ಔಷಧವನ್ನು ವಿಚಾರಿಸಿದ್ದೂ ಈ ಗುಂಪುಗಳಲ್ಲಿಯೇ.

ಇದರ ನ್ಯೂನತೆಗಳೂ ಅಷ್ಟೇ ಪ್ರಕಟವಾಗಿವೆ. ಔಷಧದ ಅಂಗಡಿಯವನು ರೈತನ ಹೆಸರಿನಲ್ಲಿಯೇ ಗುಂಪಿನೊಳಗೆ ಕುಳಿತು ಸಲಹೆ ಕೊಡಬಲ್ಲನು. ಅವನ ಹೆಸರೇನು, ಯಾವ ಊರಿನವನು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಹೋದ ವರ್ಷದ ಚರ್ಚೆಯನ್ನು ಈ ವರ್ಷ ಹುಡುಕಿದರೆ ಸಿಗುವುದಿಲ್ಲ. ಕಡತವನ್ನು ಒರೆಸುವವನು ತಿಳಿದು ಒರೆಸುತ್ತಿದ್ದನು, ಇಲ್ಲಿ ಹಳೆಯದು ತಾನಾಗಿಯೇ ಹೂತುಹೋಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸೌಡಿಯು ಗುಂಪಿನಲ್ಲಿರುವುದು ಅಪರೂಪ. ತೂಬಿನ ಬಳಿ ರಾತ್ರಿ ನಡೆಯುವುದನ್ನು ಬಲ್ಲ ಒಬ್ಬನೇ ಒಬ್ಬನ ಮಾತು ಅಲ್ಲಿ ಕೇಳಿಬರುವುದಿಲ್ಲ.

2020ನೆಯ ಇಸವಿಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ರೈತರು ತಮ್ಮ ಬೆಳೆಯ ಚಿತ್ರವನ್ನು ತಾವೇ ತೆಗೆದು ಸರ್ಕಾರಕ್ಕೆ ಕಳುಹಿಸುವ ಬೆಳೆ ಸಮೀಕ್ಷೆಯ ಆ್ಯಪ್ ಬಂದಿತು: ಶಿವಪ್ಪನಾಯಕನ ಶಿಸ್ತಿನ ಲೆಕ್ಕವನ್ನು ಈಗ ಒಕ್ಕಲೇ ಬರೆಯತೊಡಗಿದನು, ಆದರೆ ನೆರೆಹೊರೆಯ ಹೊಲಗಳ ಲೆಕ್ಕವನ್ನು ಕೂಡಿಸಿ ನೋಡಿ ಈ ಸಲ ಯಾವ ಬೆಳೆ ಅತಿಯಾಯಿತೆಂದು ತಿಳಿಯುವ ಅನುಕೂಲವು ಅವನಿಗೆ ಅಷ್ಟಾಗಿ ಸಿಕ್ಕಿಲ್ಲ. ಅದೇ ವರ್ಷ, ಕಾಗದದ ಕಾರ್ಖಾನೆಗೆ ನೆಡುತೋಪಿಗೆಂದು ಕೊಟ್ಟಿದ್ದ ಅರಣ್ಯಭೂಮಿಯ 40 ವರ್ಷಗಳ ಗುತ್ತಿಗೆಯು ಮುಗಿಯಿತು. ಯಂತ್ರಗಳು ನಿಂತು ಐದು ವರ್ಷಗಳಾಗಿದ್ದರೂ ಸರ್ಕಾರವು ಗುತ್ತಿಗೆಯನ್ನು ಮುಂದುವರಿಸಿತು. ನೆಡುತೋಪಿನ ಅಕೇಶಿಯಾ ಬೇಡ, ನಮ್ಮ ಊರಿಗೆ ನಮ್ಮ ಕಾಡೇ ಬೇಕೆಂದು ಶಿವಮೊಗ್ಗ ಜಿಲ್ಲೆಯ ಹಳ್ಳಿಗರೂ ಪರಿಸರವಾದಿಗಳೂ ಎದ್ದು ನಿಂತರು. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪನ್ನು ಫೋನಿನಲ್ಲಿ ತೆರೆದರೆ ನಿಂತ ನೆಲದ ಸರ್ವೆ ನಂಬರು ಈಗ ಯಾರಿಗೂ ತಿಳಿಯುತ್ತದೆ. ಆ ನಂಬರಿನ ನೆಲದಲ್ಲಿ ಅಕೇಶಿಯಾಕ್ಕೆ ಮೊದಲು ಯಾವ ಮರಗಳಿದ್ದವು, ಯಾವ ಹಳ್ಳವು ಬೇಸಗೆಯಲ್ಲಿಯೂ ಹರಿಯುತ್ತಿತ್ತು ಎಂಬುದು ಯಾವ ನಕ್ಷೆಯಲ್ಲಿಯೂ ಇಲ್ಲ. ಅದನ್ನು ಬಲ್ಲ ಹಿರಿಯರು ಕೆಲವರು ಇನ್ನೂ ಇದ್ದಾರೆ, ಅವರಲ್ಲಿ ಹೆಚ್ಚಿನವರ ಬಳಿ ಫೋನಿಲ್ಲ.